ಕುಬೇರಪ್ಪನವರ ಮನೆಗೆ ಬಂದ ಅಂಕ

ಹೇವರ್ಡಿನ ಕುಬೇರಪ್ಪನವರ ಹೆಸರಷ್ಟೇ ಕುಬೇರ, ಕೈ ಬಲು ಬಿಗಿ. ಬಾಗಲಕೋಟೆಯಿಂದ ಡಾಲರ್ ದೇಶಕ್ಕೆ ಬಂದು ಓಕ್ಲ್ಯಾಂಡಿನಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತರಾದ ಮನುಷ್ಯ. ಯಾರಾದರೂ ಕೋಣೆಯಿಂದ ಎದ್ದು ಹೊರಟರೆ ಸಾಕು, ಹಿಂದೆಯೇ ಹೋಗಿ ಲೈಟು ಆರಿಸುತ್ತಿದ್ದರು. ಬಂದ ನೆಂಟರು ಬಾತ್‌ರೂಮಿನೊಳಗೆ ಇರುವಾಗಲೇ ಆರಿಸಿದ್ದೂ ಉಂಟು.

ಚಳಿಗಾಲದಲ್ಲಿ ಹೀಟರಿನ ತಂಟೆಗೆ ಯಾರೂ ಹೋಗುವಂತಿರಲಿಲ್ಲ. ಹೆಂಡತಿ ಚನ್ನಬಸವ್ವ "ಥಂಡಿ ಆಗ್ತೈತ್ರಿ" ಅಂದರೆ ಒಂದು ಸ್ವೆಟರು ತಂದು ಕೊಡುತ್ತಿದ್ದರು. ಇನ್ನೂ ಥಂಡಿ ಅಂದರೆ ಅದರ ಮೇಲೆ ಮತ್ತೊಂದು. "ಥಂಡಿ ಮನ್ಯಾಗಿಲ್ಲ, ನಿನ್ನ ತಲ್ಯಾಗ ಐತಿ" ಎಂಬುದು ಅವರ ಕಾಯಂ ಮಾತು. ಪಾಪ, ಆ ಹೆಂಗಸು ಮನೆಯೊಳಗೇ ಮಂಕಿ ಕ್ಯಾಪ್ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದರು.

ಒಂದು ದಿನ ಅವರಿಗೂ ಸಾಕಾಯಿತು. ಮಗಳು ಸ್ನೇಹಲ್ ಇರುವ ಸ್ಯಾನ್ ಮಟಿಯೋದಲ್ಲಿ ಹೊಸ ಅಪಾರ್ಟ್‌ಮೆಂಟೊಂದನ್ನು ನೋಡಿ ಬಂದವರೇ, "ಅಲ್ಲಿ ನೆಲಾನೂ ಬೆಚ್ಚಗ ಐತ್ರಿ. ಈ ಮನಿ ಮಾರ್ರಿ. ನೀವು ಬರದಿದ್ರ ನಾ ಒಬ್ಬಾಕೀನ ಹೋಗ್ತೀನಿ" ಎಂದರು. ಹೇಳಿದರೆ ಮಾಡಿಯೇ ತೀರುವ ಹೆಂಗಸು. ಕುಬೇರಪ್ಪನವರಿಗೆ ಚಿಂತೆ ಹತ್ತಿತು. ಹಿತ್ತಲಿನ ನಿಂಬೆಗಿಡ ಬಿಟ್ಟು, ಬೇಲಿಯಾಚೆಯ ಹರಟೆ ಬಿಟ್ಟು ಎಲ್ಲಿಗೆ ಹೋಗುವುದು?

ಅಷ್ಟರಲ್ಲಿ ಚನ್ನಬಸವ್ವ ಕರೆಸಿದ್ದ, ಮನೆ ಮಾರಿಸುವ ಏಜೆಂಟು ಹೊಸ ವಿಷಯ ಹೇಳಿದ. ಮನೆಗೆ ಎಷ್ಟು ಕರೆಂಟು, ಎಷ್ಟು ಗ್ಯಾಸು ಬೇಕಾಗುತ್ತದೆಂದು ಪರೀಕ್ಷೆ ಮಾಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರಂತೆ, ಕೊಳ್ಳುವವರು ಅದನ್ನು ಕೇಳುತ್ತಾರಂತೆ. ಕುಬೇರಪ್ಪನವರ ಕಿವಿ ನಿಮಿರಿತು. ತಮಗಿಂತ ಕಡಿಮೆ ಕರೆಂಟು ಉರಿಸುವ ಗಂಡಸು ಸುತ್ತಲಿನ ಇಡೀ ಬೇ ಏರಿಯಾದಲ್ಲಿ ಹುಟ್ಟಿಲ್ಲವೆಂಬುದು ಅವರ ನಂಬಿಕೆ.

"ಹತ್ತಕ್ಕ ಹತ್ತು ಬಂದ್ರ ಮನಿ ಮಾರೂದಿಲ್ಲ. ಒಪ್ಪಿಗೇನ?"

"ಒಪ್ಪಿಗ್ರಿ. ಬರದಿದ್ರ ಮತ್ತ ತಕರಾರು ತಗೀಬಾರದು," ಎಂದರು ಚನ್ನಬಸವ್ವ.

ಪರೀಕ್ಷೆಯ ದಿನ ಕುಬೇರಪ್ಪನವರು ಬೆಳಿಗ್ಗೆಯೇ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟರು. ಫ್ರಿಜ್ಜಿಗೂ ಕೈ ಹಾಕಿದ್ದರು, ಹಾಲು ಕೆಡುತ್ತದೆಂದು ಹೆಂಡತಿ ಗದರಿದ್ದರಿಂದ ಅದೊಂದು ಉಳಿಯಿತು. ಅಂಕ ಹಾಕಲು ಬಂದವಳು ಮಂಗಳೂರು ಕಡೆಯವರ ಮಗಳು, ಆಶ್ರಿತಾ. ಆಕೆ ಶೂ ಬಿಚ್ಚುವ ಮುಂಚೆಯೇ ಹಳೆಯ ಕರೆಂಟು ಬಿಲ್ಲುಗಳ ಕಟ್ಟು ಅವಳ ಮುಂದಿತ್ತು.

"ಬಿಲ್ ಬೇಡ ಅಂಕಲ್," ಎಂದು ಆಶ್ರಿತಾ ನಕ್ಕಳು. "ಇದು ನಿಮಗೆ ಕೊಡೋ ಮಾರ್ಕ್ಸ್ ಅಲ್ಲ, ಮನೆಗೆ. ಗೋಡೆ, ಕಿಟಕಿ, ಅಟ್ಟ, ಹೀಟರು, ಇಷ್ಟೇ ನೋಡೋದು. ನೀವು ಲೈಟ್ ಆಫ್ ಮಾಡ್ತೀರೋ ಇಲ್ವೋ, ಅದು ಲೆಕ್ಕಕ್ಕೇ ಬರಲ್ಲ."

ವರ್ಷವೆಲ್ಲ ಓದಿದ ವಿಷಯ ಬಿಟ್ಟು ಬೇರೆ ಪ್ರಶ್ನೆಪತ್ರಿಕೆ ಕೈಗೆ ಬಂದ ಹುಡುಗನ ಹಾಗೆ ಕುಬೇರಪ್ಪನವರು ನಿಂತೇ ಬಿಟ್ಟರು.

ಆಶ್ರಿತಾ ಮುಂಬಾಗಿಲಿಗೆ ದಪ್ಪ ಬಟ್ಟೆಯ ಪರದೆ ಬಿಗಿದು, ಅದರೊಳಗೆ ದೊಡ್ಡ ಫ್ಯಾನಿಟ್ಟು ತಿರುಗಿಸಿದಳು. ಮನೆಯೊಳಗಿನ ಗಾಳಿ ಹೊರಗೆ ಹೋದಂತೆ ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲಲ್ಲಿಂದ ಹೊರಗಿನ ಗಾಳಿ ನುಗ್ಗತೊಡಗಿತು. ಸ್ವಿಚ್ಚಿನ ಸಂದಿಯಿಂದ, ಕಿಟಕಿಯ ಚೌಕಟ್ಟಿನಿಂದ, ನೆಲದ ಅಂಚಿನಿಂದ. ಎಲ್ಲಕ್ಕಿಂತ ಜೋರಾಗಿ ಬರುತ್ತಿದ್ದದ್ದು ಕಿಟಕಿಯ ಪಕ್ಕದ ಕುರ್ಚಿಯ ಬುಡಕ್ಕೆ.

"ಇಲ್ಲಿ ಯಾರು ಕೂತ್ಕೊಳ್ಳೋದು?" ಎಂದು ಆಶ್ರಿತಾ ಕೇಳಿದಳು. "ಚಳಿಗಾಲದಲ್ಲಿ ಕಾಲು ಮರಗಟ್ಟಿ ಹೋಗತ್ತಲ್ಲ."

ಚನ್ನಬಸವ್ವ ಕುರ್ಚಿಯ ಬೆನ್ನಿಗಿದ್ದ ತಮ್ಮ ಸ್ವೆಟರು ತೆಗೆದು ಹಾಕಿಕೊಂಡರು, ಅಷ್ಟೇ. ಅಣಕಿಸಿದ್ದರೆ ಕುಬೇರಪ್ಪನವರು ತಡೆದುಕೊಳ್ಳುತ್ತಿದ್ದರು. ಅವರು ಮೆಲ್ಲಗೆ ಹೋಗಿ ಹೆಂಡತಿಯ ಕುರ್ಚಿಯಲ್ಲಿ ಕೂತು, ಸಾಕ್ಸು ಬಿಚ್ಚಿ ಬರಿಗಾಲನ್ನು ನೆಲದ ಮೇಲಿಟ್ಟರು. ಫ್ಯಾನು ನಿಲ್ಲುವವರೆಗೂ ಹಾಗೇ ಕೂತಿದ್ದರು. ಅಂಕ ಬಂತು: ಹತ್ತಕ್ಕೆ ಮೂರು.

"ತಪ್ಪು ನಂದ ಐತಿ," ಎಂದರು ಕುಬೇರಪ್ಪನವರು. ಆ ಮಾತು ಆ ಮನೆಯಲ್ಲಿ ಕೇಳಿಬಂದದ್ದು ಅದೇ ಮೊದಲು. "ಮಾತು ಕೊಟ್ಟೀನಿ, ಮಾರೋಣು. ಆದ್ರ ಮೊದಲ ರಿಪೇರಿ ಮಾಡಸ್ತೀನಿ. ನಾಳೆ ಇಲ್ಲಿ ಬರೂ ಹೆಣ್ಣಮಗಳು ಯಾರ ಇರ್ಲಿ, ನಿನ್ನಂಗ ನಡುಗಬಾರದು."

ಮಾಡಿಸಿದರು ಕೂಡ. ಅಟ್ಟದ ತುಂಬ ಶಾಖ ತಡೆಯುವ ಹತ್ತಿಯಂಥದ್ದನ್ನು ದಪ್ಪಗೆ ಹಾಸಿದರು, ಸಂದಿಗಳನ್ನು ಮುಚ್ಚಿದರು, ಕಿಟಕಿಗಳಿಗೆ ಜೋಡಿ ಗಾಜು ಬಂತು. ಕೆಲಸದವರು ಕೇಳಿದ್ದಕ್ಕೆ ಕುಬೇರಪ್ಪನವರು ಚೌಕಾಸಿ ಮಾಡಲಿಲ್ಲವೆಂದರೆ ಯಾರೂ ನಂಬರು, ಆದರೂ ಅದು ನಿಜ. ಆಶ್ರಿತಾ ಮತ್ತೆ ಬಂದು ಏಳು ಕೊಟ್ಟು ಹೋದಳು. ಹೀಟರನ್ನು ಸ್ವಲ್ಪ ಹೊತ್ತು ಹಚ್ಚಿ ಆರಿಸಿದರೂ ಸಂಜೆಯವರೆಗೆ ಮನೆ ಬೆಚ್ಚಗಿರತೊಡಗಿತು. ಚನ್ನಬಸವ್ವ ಸ್ವೆಟರುಗಳನ್ನೆಲ್ಲ ಒಗೆದು ಮಡಚಿಟ್ಟರು. ಬರಿಗಾಲಲ್ಲಿ ಮನೆಯ ತುಂಬ ಓಡಾಡಿದರು. ಗಂಡ ಅದನ್ನು ನೋಡಿಯೂ ನೋಡದವರ ಹಾಗೆ ಕೂತಿದ್ದರು, ಖುಷಿಯಂತೂ ಮುಖದಲ್ಲಿ ಒಡೆದು ಕಾಣುತ್ತಿತ್ತು.

ಏಜೆಂಟಿನ ಫೋನು ಬಂತು. ಏಳು ಅಂಕದ ಮನೆಗೆ ಕೊಳ್ಳುವವರು ಸಾಲು ನಿಲ್ಲುತ್ತಾರೆ, ನಾಳೆಯೇ ಮಾರಾಟದ ಬೋರ್ಡು ನೆಡಲೇ ಎಂದು ಅವನ ಅವಸರ. ಕುಬೇರಪ್ಪನವರು ಹಿತ್ತಲ ಕಡೆ ಒಮ್ಮೆ ನೋಡಿ, ಆಗಲಿ ಎನ್ನಬೇಕು. ಅಷ್ಟರಲ್ಲಿ ಅಡುಗೆಮನೆಯಿಂದ ಚನ್ನಬಸವ್ವ ಬಂದರು.

"ಇಷ್ಟು ವರ್ಷ ನಡುಗಿದಾಕಿ ನಾನು," ಎಂದರು. "ಈಗ ಬೆಚ್ಚಗಾದ ಮ್ಯಾಲ ಬ್ಯಾರೆ ಯಾರೋ ಬಂದು ಕುಂದ್ರಬೇಕೇನು? ಫೋನ್ ಇಡ್ರಿ."