ಧೂಳು ಕೂರದ ಸುತ್ತಿಗೆ

ಹಿಟ್ಟಿನ ಗಿರಣಿಯಲ್ಲಿ ಧೂಳು ಕೂರದ ವಸ್ತುವಿಲ್ಲ. ಚಾಮರಾಜಪುರಂನ ನಮ್ಮ ಪುಟ್ಟ ಗಿರಣಿಯಲ್ಲಿ ತಕ್ಕಡಿ, ಗೋಡೆಯ ಮೇಲಿನ ದೇವರು, ಜೇಡನ ಬಲೆ, ಸಂಜೆಯ ಹೊತ್ತಿಗೆ ನನ್ನ ಹುಬ್ಬು, ಎಲ್ಲವೂ ಶ್ವೇತವರ್ಣ. ಆದರೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಸುತ್ತಿಗೆಯ ಹಿಡಿ ಮಾತ್ರ, ಯಾರೋ ಈಗಷ್ಟೇ ಕೆಲಸ ಮುಗಿಸಿ ಇಟ್ಟುಹೋದಂತೆ ನುಣ್ಣಗೆ ಹೊಳೆಯುತ್ತಿತ್ತು. ಅದು ನಮ್ಮ ಯಜಮಾನರದು. ಅವರು ತೀರಿಕೊಂಡು ವರ್ಷದ ಮೇಲಾಯಿತು.

ಹೆದರಬೇಡಿ, ನಾನು ಹೇಳಹೊರಟಿರುವುದು ಸಂತೋಷದ ಸಂಗತಿಯನ್ನೇ. ನನ್ನ ಮೊಮ್ಮಗಳಿಗೆ ಆರು ತಿಂಗಳು ತುಂಬಿದೆ. ಮೂರನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡು ಮನೆಗೆ ಬಂದವಳು ನಾನು. ಈ ಆನಂದಕ್ಕೆ ತಕ್ಕ ಪದ ನನ್ನಲ್ಲಿಲ್ಲ. ಬಾಯಿ ಕಟ್ಟಲಾಗದಷ್ಟು ತುಂಬಿದ ಮೂಟೆ ಎಂದುಕೊಳ್ಳಿ.

ಬೀಸುವ ಕಲ್ಲು ಸವೆಯುತ್ತದೆ. ಆಗಾಗ ಅದನ್ನು ಬಿಚ್ಚಿ ಉಳಿ ಸುತ್ತಿಗೆಯಿಂದ ಗೆರೆ ಕೊರೆಯಬೇಕು, ಇಲ್ಲದಿದ್ದರೆ ಕಲ್ಲು ಕಲ್ಲನ್ನೇ ಬೀಸುತ್ತದೆ. ಯಜಮಾನರ ಪಕ್ಕ ಕೂತು ನಾನೂ ಕಲಿತಿದ್ದೆ. ಆದರೂ ಅವರು ಹೋದ ಮೇಲೆ ಆಷಾಢದಲ್ಲಿ ಬೇಡವೆಂದೆ, ಶ್ರಾವಣದಲ್ಲಿ ಹಬ್ಬದ ಗಿರಾಕಿಗಳೆಂದೆ, ದಸರೆಯ ಆಯುಧಪೂಜೆಯಲ್ಲಿ ಆ ಸುತ್ತಿಗೆಗೆ ಕುಂಕುಮವಿಟ್ಟು ಮಂಗಳಾರತಿ ಎತ್ತಿ, ಅಷ್ಟಕ್ಕೇ ಕೆಲಸ ಮುಗಿದ ತೃಪ್ತಿಯಲ್ಲಿ ಚುರುಮುರಿ ಹಂಚಿದೆ. ಆಳು ತಡಮಾಡಿದರೆ ಸೋಮಾರಿತನ. ಮಾಲೀಕಳೇ ತಡಮಾಡಿದರೆ, ಬೈಯುವವರಿಲ್ಲದ ಕಾರಣ, ಅದು ಮುಹೂರ್ತ.

ಅಷ್ಟರಲ್ಲಿ ಕಲ್ಲಿನ ದನಿ ಬದಲಾಯಿತು. ಮೋಟಾರು ಆರಿಸಿದ ಮೇಲೂ ಅದು ಕೊಂಚ ಹೊತ್ತು ತಿರುಗುವುದು ಸಹಜ. ಈಗ ನಿಲ್ಲುವ ಮುನ್ನ ಯಜಮಾನರಂತೆಯೇ ಗಂಟಲು ಸರಿಮಾಡಿಕೊಳ್ಳುತ್ತಿತ್ತು, ಏನೋ ಹೇಳಹೊರಟು ಬೇಡವೆಂದು ಸುಮ್ಮನಾದ ಹಾಗೆ. ನಾನು ಸುತ್ತಿಗೆಯತ್ತ ನೋಡುತ್ತಿದ್ದೆ. ಹಿಡಿ ಹೊಳೆಯುತ್ತಿತ್ತು.

ಎದುರುಮನೆಯ ಪದ್ಮಮ್ಮ ಬಂದು, "ಮುದ್ದೇಲಿ ಮರಳು ಸಿಕ್ತದೆ ಕಣ್ರೀ" ಎಂದರು.

"ಮುದ್ದೇನ ಯಾರಾದ್ರೂ ಅಗೀತಾರೇನ್ರೀ? ನುಂಗ್ಬುಡಿ" ಎಂದು ನಕ್ಕು ಕಳಿಸಿದೆ.

ಕಳೆದ ವಾರ ಮಗಳು ಸುಧಾ ಮಗುವನ್ನೆತ್ತಿಕೊಂಡು ಬೋಗಾದಿಯಿಂದ ಬಂದಳು. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಗಂಟು ಕೊಟ್ಟು, "ನಾಳಿದ್ದು ಪಾಪೂಗೆ ಮೊದಲ ರಾಗಿ ಸರಿ ತಿನ್ನಿಸ್ತೀವಮ್ಮ. ನೀನೇ ಬೀಸ್ಕೊಡು" ಎಂದಳು. ಕಲ್ಲಿನ ಬಾಯಲ್ಲಿ ಉಳಿದಿದ್ದ ಹಿಟ್ಟನ್ನು ಚಿಟಿಕೆ ತೆಗೆದು ಹಲ್ಲಿಗಿಟ್ಟೆ. ಕರ್ ಎಂದಿತು. ಮೊಮ್ಮಗಳು ಹಲ್ಲಿಲ್ಲದ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಇವಳು ಅಗಿಯುವವಳಲ್ಲ, ನಾನು ಕೊಟ್ಟದ್ದನ್ನೆಲ್ಲ ನುಂಗಿಬಿಡುವವಳು.

"ಬೆಳಿಗ್ಗೆ ಬೀಸ್ತೀನಿ ಕಣೇ" ಎಂದು ಶಟರನ್ನು ಅರ್ಧಕ್ಕೆ ಎಳೆದೆ.

"ಈಗೇನಮ್ಮ ಮಾಡ್ದೆ?" ಎಂದಳು ಸುಧಾ.

"ಏನ್ ಮಾಡ್ದೆ?"

"ಸುತ್ತಿಗೆ ಸವರಿ ಕಣ್ಗೊತ್ಕೊಂಡು, ನಾಳೆ ಅಂದ್ಯಲ್ಲ. ನಾನು ಬಂದಾಗೆಲ್ಲ ನೋಡಿದೀನಿ. ದಿನಾ ನೀನೇ ಒರೆಸಿದ್ರೆ ಅದಕ್ಕೆ ಧೂಳೆಲ್ಲಿ ಕೂರುತ್ತೆ?"

ಬಲಗೈಯನ್ನು ಎತ್ತಿ ನೋಡಿಕೊಂಡೆ. ಸತ್ತವರ ಕೈಗೆ ಹೆದರಿದ್ದೆ. ಅದು ನನ್ನದೇ ಕೈ, ನನಗೇ ತಿಳಿಸದೆ ಇಷ್ಟು ದಿನ ಓಡಾಡಿತ್ತು. ಮಾಡಬೇಕಾದ ಕೆಲಸಕ್ಕೆ ಕೈಮುಗಿದರೆ ಅದು ದೇವರಾಗಿಬಿಡುತ್ತದೆ, ಆಮೇಲೆ ಮಾಡುವ ಮಾತೇ ಇಲ್ಲ.

ಶಟರು ಮತ್ತೆ ಎತ್ತಿದೆ. ಕಲ್ಲು ಕೊರೆಯಬೇಕು ಎಂದರೆ ಕೈ ನಾಳೆ ಎನ್ನುತ್ತದೆ. ಒಂದೇ ಒಂದು ನಟ್ಟು ಬಿಚ್ಚು ಎಂದರೆ ಒಪ್ಪುತ್ತದೆ. ಅಂಗಡಿ ಇಟ್ಟವರಿಗೆ ನಾನು ಕೊಡಬಲ್ಲ ವಿದ್ಯೆ ಇಷ್ಟೇ. ಒಂದಾದ ಮೇಲೆ ಇನ್ನೊಂದು ತಾನೇ ಕರೆಯಿತು. ಕೊನೆಯ ನಟ್ಟಿನ ಮೇಲೆ ಮಾತ್ರ ಕೈ ನಿಂತಿತು. ಒಳಗೆ ಅವರು ಕಡೆಯ ಬಾರಿ ಕೊರೆದ ಗೆರೆಗಳಿವೆ, ಅವುಗಳ ಮೇಲೆ ನಾನು ಉಳಿಯಿಟ್ಟರೆ ಅವರ ಕೈಗುರುತು ಅಳಿಯುತ್ತದೆ. ಇಷ್ಟು ದಿನ ತಡೆದದ್ದು ಅದೇ ಎಂದು ಆಗ ಹೊಳೆಯಿತು.

ಅದನ್ನೂ ಬಿಚ್ಚಿ, ಕಲ್ಲು ಸರಿಸಿ ನೋಡಿದೆ. ಒಂದು ಗೆರೆಯೂ ಇರಲಿಲ್ಲ. ಸಮಾಧಿಯ ಚಪ್ಪಡಿಯಂತೆ ಬೋಳು. ನಾನು ಕಾಪಾಡಿಟ್ಟ ಅವರ ಕೈಕೆಲಸವೆಲ್ಲ ಎಂದೋ ಮರಳಾಗಿ ಪದ್ಮಮ್ಮನ ಹೊಟ್ಟೆ ಸೇರಿತ್ತು.

ಅಲ್ಲೇ ಕೂತು ಕೊರೆದೆ. ಮರುದಿನ, ಕೊರೆದ ಕಲ್ಲಿನ ಪುಡಿ ಹೋಗಲೆಂದು ಎರಡು ಸೇರು ರಾಗಿ ಸುಮ್ಮನೆ ಓಡಿಸಿ ಚೆಲ್ಲಿದ ಮೇಲೆ ಮಗುವಿನ ರಾಗಿ ಬೀಸಿ, ಹಲ್ಲಿಗಿಟ್ಟು ಪರೀಕ್ಷಿಸಿದೆ. ಪದ್ಮಮ್ಮನ ಮನೆಗೂ ಒಂದು ಪಾವು ಹಿಟ್ಟು ಕೊಟ್ಟು ತಪ್ಪೊಪ್ಪಿಕೊಂಡೆ. ಮೊಮ್ಮಗಳು ಮೊದಲ ತುತ್ತು ನುಂಗಿ, ಇನ್ನೊಂದಕ್ಕೆ ಬಾಯಿ ತೆರೆದಳು.

ಈಗ ಕಲ್ಲು ಸದ್ದಿಲ್ಲದೆ ನಿಲ್ಲುತ್ತದೆ. ಆ ಗಂಟಲಿಗಾಗಿ ಒಂದು ಗಳಿಗೆ ಕಿವಿಗೊಡುತ್ತೇನೆ, ಸುಳ್ಳೇಕೆ. ಸುತ್ತಿಗೆಯ ಮೇಲೂ ಎಲ್ಲದರಂತೆ ಧೂಳು ಕೂರತೊಡಗಿದೆ. ಹಿಡಿಯ ಬಣ್ಣ ಮುಚ್ಚಿತೆಂದರೆ ಮತ್ತೆ ಕೊರೆಯುವ ಹೊತ್ತು ಎಂದು ಲೆಕ್ಕ. ಶಟರು ಎಳೆಯುವಾಗ ಬಲಗೈ ಇನ್ನೂ ತಾನಾಗಿ ಅತ್ತ ಏಳುತ್ತದೆ. ಸುಧಾ ಬಂದಿದ್ದರೆ, ಥಟ್ಟನೆ ಆ ಕೈಗೆ ಮಗುವನ್ನು ಕೊಡುತ್ತಾಳೆ.