ಗೂಬಣ್ಣ ಹಗಲು ಕಂಡ ದಿನ

ನಮ್ಮ ಬೇಕರಿಯ ಎದುರಿಗೆ ಒಂದು ಪೈಪ್ ಗೋದಾಮು. ಅದರ ರಾತ್ರಿ ಪಾಳಿಯ ಕಾವಲುಗಾರನನ್ನು ನಾವೆಲ್ಲ ಗೂಬಣ್ಣ ಅಂತಲೇ ಕರೆಯುವುದು. ಅವನಿಗೇನೂ ಬೇಜಾರಿಲ್ಲ. "ಗೂಬೆಗಾದ್ರೂ ರೆಕ್ಕೆ ಇದೆ, ನನಗಿರೋದು ಬರೀ ವಿಷಲ್ಲು" ಅಂತ ನಗುತ್ತಾನೆ. ನಾನು ರಾತ್ರಿಯಿಡೀ ಬ್ರೆಡ್ಡು ಬೇಯಿಸುವವನು. ಊರಿಗೆ ಊರೇ ಗೊರಕೆ ಹೊಡೆಯುವಾಗ ಆ ರಸ್ತೆಯಲ್ಲಿ ಎಚ್ಚರ ಇರುತ್ತಿದ್ದವರು ನಾವಿಬ್ಬರೇ.

ನಮ್ಮ ನಡುವೆ ಒಂದು ಒಪ್ಪಂದವಿತ್ತು. ಹಿಟ್ಟು ಉಬ್ಬುವಷ್ಟು ಹೊತ್ತು ನಾನು ಅವನ ಸ್ಟೂಲಿನ ಮೇಲೆ ಕೂತು ಗೇಟು ನೋಡಿಕೊಳ್ಳುತ್ತಿದ್ದೆ, ಅವನು ಐದು ನಿಮಿಷ ಕಣ್ಣು ಮುಚ್ಚುತ್ತಿದ್ದ. ಬ್ರೆಡ್ಡು ಒಲೆಗೆ ಹೋದ ಮೇಲೆ ನನ್ನ ಸರದಿ. ಅವನು ಒಲೆಯ ಪಕ್ಕ, ಗೇಟು ಕಾಣುವ ಹಾಗೆ ನಿಂತು, ಹದ ನೋಡಿ ನನ್ನ ಭುಜ ಅಲುಗಿಸುತ್ತಿದ್ದ. ಇಷ್ಟು ವರ್ಷಗಳಲ್ಲಿ ಒಂದು ಬ್ರೆಡ್ಡೂ ಕರಕಲಾಗಲಿಲ್ಲ, ಒಂದು ಪೈಪೂ ಕಳುವಾಗಲಿಲ್ಲ. ರಜೆಯ ರಾತ್ರಿಯೂ ಅವನು ಮನೆಯಲ್ಲಿರದೆ ಬೇಕರಿಗೆ ಬಂದು ಹಿಟ್ಟಿನ ಮೂಟೆಗೆ ಒರಗಿ ಕೂರುತ್ತಿದ್ದ.

ಹೀಗಿರುವಾಗ ಗೋದಾಮಿನ ಹಗಲು ಕಾವಲುಗಾರ ಕೆಲಸ ಬಿಟ್ಟ. ಸೂಪರ್‌ವೈಸರ್ ನಮ್ಮವನನ್ನು ಕರೆದು, "ಹಗಲಿಗೆ ಬರ್ತೀಯೇನು? ಭಾನುವಾರ ಸಂಜೆಯೊಳಗೆ ಹೇಳು, ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ" ಅಂದನಂತೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲೆಲ್ಲ ಬಟ್ಟೆ ಒಗೆದು ಬರುವ ಅವನ ಹೆಂಡತಿಗೆ ಅದೇ ಬೇಕಾಗಿತ್ತು. ಅವನಿಗೆ ಮಾತ್ರ ದಿಗಿಲು.

"ಹಗಲಲ್ಲಿ ಜನ ಜಾಸ್ತಿ ಕಣೋ. ಬಂದೋರಿಗೆಲ್ಲ ಸಲಾಂ ಹೊಡೀಬೇಕು. ರಾತ್ರಿ ಯಾರ ಹಂಗೂ ಇಲ್ಲ."

"ಮತ್ತೇನು, ಆಗಲ್ಲ ಅಂದ್ಬಿಡು" ಅಂದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ಜೊತೆ ಹೊಂದಿಕೊಂಡು ಹೋದ ಪುಣ್ಯಾತ್ಮ ಅವನೊಬ್ಬನೇ. ಅವನೂ ಹೋದರೆ ನಾನು ಒಲೆಯ ಜೊತೆ ಮಾತಾಡಬೇಕು, ಅಷ್ಟೇ. ಅದಕ್ಕೇ ಭಾನುವಾರ ಬೈಕಿನಲ್ಲಿ ಕಾಡಿನ ಜಲಪಾತಕ್ಕೆ ಹೋಗೋಣ ಅಂದೆ. ಇಡೀ ಒಂದು ಹಗಲು ಬಿಸಿಲಲ್ಲಿ ಬೇಯಿಸಿದರೆ ಹಗಲು ಪಾಳಿಯ ಯೋಚನೆ ತಾನೇ ಬಿಟ್ಟೀತು ಅನ್ನುವುದು ನನ್ನ ಉಪಾಯ.

ಪಾಳಿ ಮುಗಿಸಿಕೊಂಡು ಸೀದಾ ಹೊರಟೆವು. ಊರು ದಾಟಿ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಅವನನ್ನು ಮೊದಲ ಸಲ ಪೂರಾ ಬಿಸಿಲಲ್ಲಿ ನೋಡಿದೆ. ನಮ್ಮ ಟ್ಯೂಬ್‌ಲೈಟಿನ ಕೆಳಗೆ ಕಪ್ಪಾಗಿ ಕಾಣುತ್ತಿದ್ದ ಕೂದಲು ಬೆಳ್ಳಗಾಗಿತ್ತು. ಕಣ್ಣು ಜೇನಿನ ಬಣ್ಣ. ಅವನೂ ನನ್ನನ್ನೇ ಪಿಳಿಪಿಳಿ ನೋಡುತ್ತಿದ್ದ.

"ನೀನು ಇಷ್ಟು ಕುಳ್ಳಗಿದೀಯೇನೋ?"

"ಬಾಯಿ ಮುಚ್ಕೊಂಡು ಹತ್ತು" ಅಂದೆ.

ಬಿಸಿಲು ಕುತ್ತಿಗೆಗೆ ತಾಗಿದ್ದೇ ತಡ, ಅವನ ತಲೆ ನನ್ನ ಬೆನ್ನಿಗೆ ಒರಗಿತು. ಬಿದ್ದುಗಿದ್ದಾನು ಅಂತ ಬೈಕ್ ನಿಲ್ಲಿಸಿ, ಟವೆಲ್ಲಿನಿಂದ ಅವನನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡೆ. ಆಮೇಲಿನ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಮರಗಳು ಎರಡೂ ಕಡೆಯಿಂದ ಬಂದು ಮೇಲೆ ಕೂಡಿಕೊಂಡವು. ನೆರಳು, ಬೆಳಕು, ಮತ್ತೆ ನೆರಳು. ಒಂದು ಹಳದಿ ಚಿಟ್ಟೆ ಹ್ಯಾಂಡಲ್ಲಿನ ಪಕ್ಕದಲ್ಲೇ ಬಹಳ ಹೊತ್ತು ಹಾರಿಕೊಂಡು ಬಂತು, ಅಥವಾ ಹಾಗಂತ ನನಗೆ ಅನ್ನಿಸಿತು. ಹಿಂದಿನವನು ನಿದ್ದೆಯಲ್ಲೇ "ಯಾರದು, ನಿಲ್ಲಿ" ಅಂತ ಕಾಡನ್ನು ತಡೆದ. ನಗು ಬಂತು. ಎಲ್ಲೂ ತಲುಪದೆ ಹೀಗೇ ಹೋಗುತ್ತಿದ್ದರೂ ಸಾಕು ಅನ್ನುವಷ್ಟು ಸುಖ ಆಗುತ್ತಿತ್ತು.

ಕಾಡಿನ ಗೇಟಿನ ಬಳಿ ಬೈಕ್ ಬಿಟ್ಟು ಕಾಲುದಾರಿ ಹಿಡಿದೆವು. ಮೊದಲು ಸದ್ದು ಬಂತು. ಆಮೇಲೆ ಮುಖಕ್ಕೆ ತಣ್ಣನೆಯ ಹನಿ. ಇನ್ನೊಂದು ಬಂಡೆ ಬಳಸಿದರೆ ಜಲಪಾತ. ಅಲ್ಲೇ ಒಂದು ಹಾಸುಗಲ್ಲು, ಬೆಚ್ಚಗೆ, ಅಗಲವಾಗಿ.

"ಐದೇ ನಿಮಿಷ ಕಾಲು ಚಾಚ್ತೀನಿ. ಆಮೇಲೆ ನೋಡೋಣ" ಅಂದ.

"ಮಲಕ್ಕೋ, ನಾನಿದ್ದೀನಲ್ಲ" ಅಂದೆ.

ಸ್ವಲ್ಪ ಹೊತ್ತಿಗೆ ನನ್ನ ರೆಪ್ಪೆಗಳೂ ಅಂಟಿಕೊಳ್ಳತೊಡಗಿದವು. ಅವನನ್ನು ಅಲುಗಿಸಿದೆ. "ಎದ್ದಿದ್ದೀನಿ, ನೀನು ಮಲಕ್ಕೋ" ಅಂದ, ಪ್ರತಿ ರಾತ್ರಿ ಅನ್ನುವ ಹಾಗೇ. ಆ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಮೈ ತಾನಾಗಿ ಬಿದ್ದುಕೊಳ್ಳುತ್ತದೆ. ಅವನು ಅದನ್ನು ನಿದ್ದೆಗಣ್ಣಲ್ಲೇ ಹೇಳಿದ್ದು ಅಂತ ನನಗೇನು ಗೊತ್ತು? ನೀರಿನ ಸದ್ದು ಒಲೆಯ ಮೊರೆತದ ಹಾಗೆ ನನ್ನನ್ನು ಒಳಗೆಳೆದುಕೊಂಡಿತು. ಕನಸಿನಲ್ಲಿ ಹಿಟ್ಟು ಬೆಳ್ಳಗೆ ಉಬ್ಬಿ, ಬೋಗುಣಿ ತುಂಬಿ, ಬಾಗಿಲು ದಾಟಿ ರಸ್ತೆಗೆ ಹರಿಯಿತು. ನಾವಿಬ್ಬರೂ ಅದರ ಮೇಲೆ ತೇಲಿಕೊಂಡು ಹೋದೆವು.

ಯಾರೋ ವಿಷಲ್ ಊದಿದರು. ಕಣ್ಣು ಬಿಟ್ಟರೆ ಸಂಜೆಗತ್ತಲು. ಕಾಡಿನ ಕಾವಲುಗಾರ ಕೋಲು ಹಿಡಿದು ನಿಂತಿದ್ದ.

"ಏಳ್ರಪ್ಪಾ, ಗೇಟ್ ಹಾಕ್ತೀವಿ."

"ಅಣ್ಣಾ, ನಾವಿನ್ನೂ ಜಲಪಾತ ನೋಡೇ ಇಲ್ಲ" ಅಂದೆ.

"ಬೆಳಿಗ್ಗೆಯಿಂದ ಇಲ್ಲೇ ಬಿದ್ಕೊಂಡಿದ್ರಲ್ಲ! ಇನ್ನು ಬಿಡೋ ಹಾಗಿಲ್ಲ, ನಡೀರಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಕುಂಭಕರ್ಣ! ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋನಂತೆ!" ಅಂತ ಗೂಬಣ್ಣನ ಮೇಲೆ ಹರಿಹಾಯ್ದೆ. ಅವನು ಬಂಡೆಯ ಆಚೆಯ ಸದ್ದಿಗೆ ಮುಖ ಮಾಡಿ ನಿಂತೇ ಇದ್ದ.

"ನನ್ನ ಮಗಳೂ ಹೀಗೇ ಬೆಳೆದ್ಲು ಕಣೋ" ಅಂದ. "ಪಕ್ಕದಲ್ಲೇ ಇದ್ದೆ. ಆಡೋದು, ಓದೋದು, ಅಮ್ಮನ ಹತ್ರ ಜಗಳ ಆಡೋದು, ಎಲ್ಲ ನಿದ್ದೆಯಲ್ಲಿ ಕೇಳಿಸ್ತಿತ್ತು. ಏಳೋಣ, ಏಳೋಣ ಅಂದ್ಕೊಳ್ತಿದ್ದೆ. ಎದ್ದಾಗ ಮದುವೆಯಾಗಿ ಹೋಗಿದ್ಲು."

ನನ್ನ ಕೋಪ ಜರ್ರನೆ ಇಳಿದುಹೋಯಿತು. ಬೈಕ್ ಹತ್ತಿರ ಬಂದು, "ಸೂಪರ್‌ವೈಸರ್‌ಗೆ ಫೋನ್ ಮಾಡು. ಹಗಲಿಗೆ ಬರ್ತೀನಿ ಅನ್ನು" ಅಂದೆ.

"ನೀನು?"

"ನಾನೇನು ಎಳೇ ಕೂಸೇ? ಅಲಾರಂ ಇಟ್ಕೋತೀನಿ, ಮಾಡು."

ದಿಬ್ಬದ ಮೇಲೆ ಸಿಗ್ನಲ್ ಸಿಕ್ಕಿತು. ಮಾತಾಡಿದ. ವಾಪಸು ಬರುವಾಗ ಟವೆಲ್ ಬೇಕಾಗಲಿಲ್ಲ.

ಅವನ ಮನೆ ನಾನು ಕಂಡಿದ್ದೂ ಅವತ್ತೇ. ಒಂದೇ ಕೋಣೆ, ಗೋಡೆಗೆ ತಾಗಿಸಿದ ಕಬ್ಬಿಣದ ಮಂಚ, ಒಬ್ಬರಿಗಷ್ಟೇ ಸಾಲುವಂಥದ್ದು, ಒಂದು ದಿಂಬು. ಹೆಂಡತಿ ಎದ್ದು ಹೋದ ಮೇಲೆ ಗಂಡ, ಗಂಡ ಎದ್ದು ಹೋದ ಮೇಲೆ ಹೆಂಡತಿ. ಎರಡನೆಯದರ ಅಗತ್ಯವೇ ಬಿದ್ದಿರಲಿಲ್ಲ. ಅವಳು ಸೋಪಿನಲ್ಲಿ ನೆನೆದು ಬೆಳ್ಳಗಾದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ನಾಳೆಯಿಂದ ಹಗಲು ಪಾಳಿ. ಒಪ್ಕೊಂಡೆ" ಅಂದ.

ಅವಳು ಅವನನ್ನು ನೋಡಿದಳು. ತಿರುಗಿ ಮಂಚ ನೋಡಿದಳು. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದ ಹಾಗೆ ಗಾಬರಿಯಾಗಿ, ಮುಖವೆಲ್ಲ ಕೆಂಪಾಯಿತು.

"ನಾನು ನೆಲದ ಮೇಲೆ ಮಲಗ್ತೀನಿ" ಅಂದ ಅವನು ಅವಸರದಲ್ಲಿ.

"ಬೇಡ" ಅಂದಳು. "ನಾನೇ ಒಂಚೂರು ಸರ್ಕೊತೀನಿ."