ಕೃಷಿ ಹೊಂಡದಲ್ಲಿ ಸಬ್‌ಮೆರೀನ್ ಕಾಳಗ

ದನದ ತೊಟ್ಟಿಗೆ ಬಿದ್ದ ಒಂದು ನೀರಿನ ಬಾಟಲಿಯಿಂದ ಇದೆಲ್ಲ ಶುರುವಾಯಿತು. ಮುಚ್ಚಳ ಹಾಕಿದ್ದ, ಹೆಚ್ಚೂಕಡಿಮೆ ತುಂಬಿದ್ದ ಬಾಟಲಿ. ಅದು ತೇಲಲೂ ಇಲ್ಲ, ತಳಕ್ಕೂ ಹೋಗಲಿಲ್ಲ, ನೀರಿನ ನಟ್ಟನಡುವೆ ಸುಮ್ಮನೆ ನಿಂತುಬಿಟ್ಟಿತ್ತು. ಅಲ್ಲಾ, ಒಂದೋ ಮುಳುಗಬೇಕು, ಇಲ್ಲಾ ತೇಲಬೇಕು. ಇದ್ಯಾವ ಸೀಮೆ ನ್ಯಾಯ? ಬೆರಳಲ್ಲಿ ಒತ್ತಿದೆ, ಮೆಲ್ಲಗೆ ಇಳಿಯಿತು. ಹಸು ಬಂದು ನನ್ನ ಭುಜ ನೂಕುವವರೆಗೂ ನೋಡುತ್ತಲೇ ನಿಂತಿದ್ದೆ. ನಮ್ಮನೆಯವರು ಒಳಗಿಂದ ಕೂಗಿದರು: "ಲೇ, ಡೈರಿಗೆ ಒತ್ತಾಯ್ತು. ತೊಟ್ಟಿಗೇನು ಪೂಜೆ ಮಾಡ್ತಾ ಇದ್ದೀಯಾ?"

ಆಮೇಲೆ ಫೋನಿನಲ್ಲಿ ಹುಡುಕಿದೆ. ಸಬ್‌ಮೆರೀನ್ ಕೂಡ ಇದೇ ಉಪಾಯದಲ್ಲಿ ನೀರೊಳಗೆ ನಿಲ್ಲುತ್ತದಂತೆ. ರಿಮೋಟಿನಲ್ಲಿ ಆಡಿಸುವ ಪುಟ್ಟ ಸಬ್‌ಮೆರೀನ್‌ಗಳನ್ನು ಜನ ಮನೆಯಲ್ಲೇ ಕಟ್ಟುತ್ತಾರಂತೆ, ಕಾದಾಡಿಸುತ್ತಾರಂತೆ. ತಗೋ, ತಲೆಗೆ ಹುಳ ಹೊಕ್ಕಿತು. ರಾಬರ್ಟ್‌ಸನ್‌ಪೇಟೆಯಿಂದ ಪಿವಿಸಿ ಪೈಪು, ಅದಕ್ಕೆ ಮುಚ್ಚಳ, ಆಟದ ಕಾರಿನ ಮೋಟಾರು ತಂದೆ. ನೀರು ಎಳೆದುಕೊಂಡು ಮುಳುಗಲು, ಉಗುಳಿ ಮೇಲೇಳಲು, ಹಸುವಿಗೆ ಚುಚ್ಚುವ ದಪ್ಪ ಸಿರಿಂಜು. ಹಿಂದಿನ ಫ್ಯಾನು ತಿರುಗಿಸುವ ಕಡ್ಡಿಯ ಸಂದಿಯಲ್ಲಿ ನೀರು ನುಗ್ಗದಂತೆ ಕೆಚ್ಚಲಿಗೆ ಸವರುವ ಮುಲಾಮು ಮೆತ್ತಿದೆ. ನಗಬೇಡಿ, ಗ್ರೀಸಿಗಿಂತ ಚೆನ್ನಾಗಿ ಹಿಡಿಯಿತು.

ರಿಮೋಟಿನದೇ ಬೇರೆ ಕತೆ. ಈಗಿನ ಹೊಸ ರಿಮೋಟಿನ ಮಾತು ನೀರೊಳಗೆ ಒಂದು ಗೇಣೂ ಇಳಿಯುವುದಿಲ್ಲ. ಉದ್ದ ಕಡ್ಡಿ ಎಳೆಯುವ ಹಳೇ ಕಾಲದ್ದೇ ಬೇಕು. ಅದೂ ನಮ್ಮ ಬೋರ್‌ವೆಲ್ ನೀರಿನಲ್ಲಾದರೆ ದೋಣಿ ಬೇಗ ಕಿವುಡಾಗುತ್ತದೆ, ಆ ನೀರಲ್ಲಿ ಉಪ್ಪು ಜಾಸ್ತಿ. ಮಳೆನೀರು ನಿಂತ ಕೃಷಿ ಹೊಂಡದಲ್ಲಾದರೆ ತಳದಲ್ಲಿದ್ದರೂ ಹೇಳಿದ ಮಾತು ಕೇಳುತ್ತದೆ. ಅದೇ ದೋಣಿ, ಅದೇ ರಿಮೋಟು, ನೀರು ಬದಲಾದರೆ ಕಿವಿ ಬದಲು! ಇದು ಗೊತ್ತಾದ ದಿನ ಖುಷಿಗೆ ನನಗೆ ಊಟವೇ ಸೇರಲಿಲ್ಲ.

ಹಳೇ ರಿಮೋಟು ಹುಡುಕುವಾಗ ಸಿಕ್ಕವರು ಚಿನ್ನದ ಗಣಿ ಪಕ್ಕದ ಕೋರಮಂಡಲ್‌ನ ಅಣ್ಣತಮ್ಮ. ಮನೆಮಾತು ತಮಿಳು, ಅಪ್ಪ ಗಣಿಯಲ್ಲಿದ್ದವರು. ಮುಚ್ಚಿದ ಗಣಿಯ ಸುರಂಗಗಳಲ್ಲಿ ಈಗ ನೀರು ತುಂಬಿದೆಯಂತೆ, ಅದರೊಳಗೆ ಏನೇನಿದೆ ನೋಡಬೇಕು ಅನ್ನುವ ಆಸೆಗೆ ಅವರೂ ಒಂದು ದೋಣಿ ಕಟ್ಟಿದ್ದರು. ಗಣಿಯೊಳಗೆ ಯಾರು ಬಿಡುತ್ತಾರೆ? ಬೇತಮಂಗಲದ ಕೆರೆಯದು ಕುಡಿಯುವ ನೀರು, ಅಲ್ಲೂ ಆಗದು. ಕೊನೆಗೆ ಬಂಗಾರಪೇಟೆ ಹತ್ತಿರದ ನಮ್ಮ ಹೊಲದ ಹೊಂಡವೇ ಎಲ್ಲರಿಗೂ ಸಮುದ್ರವಾಯಿತು. ಭಾನುವಾರ ಬಂದರೆ ಅಣ್ಣತಮ್ಮ ಸ್ಕೂಟರಿನಲ್ಲಿ ಹಾಜರು.

ಆಟ ಹೀಗೆ. ದೋಣಿಯ ಮೂತಿಗೆ ಗುಂಡುಸೂಜಿ, ಬಾಲಕ್ಕೆ ನೀರು ತುಂಬಿದ ಬಲೂನು. ನಮ್ಮ ಬಲೂನಿನಲ್ಲಿ ಕುಂಕುಮದ ನೀರು, ಅವರದರಲ್ಲಿ ಅರಿಶಿನದ್ದು. ಯಾವ ಬಣ್ಣ ನೀರಿಗೆ ಹರಡಿತೋ ಅವರು ಸೋತರು. ಆಟದ ನಡುವೆ ಮೂತಿ ನೀರಿಂದ ಮೇಲೆ ಬಂದರೂ ಔಟು. ಒಬ್ಬರು ತಗ್ಗಿನಲ್ಲಿ ಕೂತು ರಿಮೋಟು ಹಿಡಿಯುವುದು, ಇನ್ನೊಬ್ಬರು ಎದುರು ಏರಿಯ ಮೇಲೆ ನಿಂತು ನೀರೊಳಗೆ ನೋಡಿ ಆರ್ಡರ್ ಕೂಗುವುದು. ಇನ್ನೊಂದು ರೂಲ್ಸಿತ್ತು: ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಯದು ಅಂತ ತಪ್ಪಿ ಕೇಳಿಸಿಕೊಂಡಿದ್ದರೆ ಆ ಆಟ ಲೆಕ್ಕಕ್ಕಿಲ್ಲ, ಮತ್ತೆ ಆಡಬೇಕು. ನಮ್ಮ ಕಡೆ ಈ ರೂಲ್ಸ್ ಇಲ್ಲದೆ ಯಾವ ಆಟವೂ ನಡೆಯುವುದಿಲ್ಲ.

ಯಾಕೆಂದರೆ ನಮ್ಮನೆಯವರ ಮನೆಮಾತು ತೆಲುಗು. ಅವರ ಬೆರಳು ತೆಲುಗಿಗೆ ಆಡಿದಷ್ಟು ಚುರುಕಾಗಿ ಕನ್ನಡಕ್ಕೆ ಆಡುವುದಿಲ್ಲ. ಹಾಗಾಗಿ ನಾನು ಕೂಗುವ ಆರ್ಡರೆಲ್ಲ ತೆಲುಗಿನವು. 'ಮುನುಗು' ಅಂದರೆ ಮುಳುಗು, 'ಲೇ' ಅಂದರೆ ಮೇಲೇಳು, 'ಕುಡಿ' ಅಂದರೆ ಬಲಕ್ಕೆ. ಮೊದಲ ದಿನ ನಾನು "ಕುಡಿ, ಕುಡಿ" ಅಂತ ಅರಚಿದಾಗ ಪಕ್ಕದ ಹೊಲದಾಕೆ, ಇವಳು ಯಾರಿಗೆ ಏನು ಕುಡಿಸುತ್ತಿದ್ದಾಳೆ ಅಂತ ಬೇಲಿಗೇ ಬಂದಿದ್ದಳು.

ನನ್ನ ಹೊಟ್ಟೆಯುರಿ ಒಂದೇ. ದೋಣಿ ಕಟ್ಟಿದವಳು ನಾನು, ರಿಮೋಟು ಮಾತ್ರ ಅವರ ಕೈಲಿ. ಕೇಳಿದರೆ, "ನಿನ್ನ ಕೋಪಕ್ಕೆ ರಿಮೋಟು ಕೊಟ್ರೆ ಮುಗೀತು, ದೋಣಿ ಒಂದು ಕಡೆ ಮೂತಿ ಒಂದು ಕಡೆ" ಅನ್ನೋರು. ನನ್ನ ಕೈಯ ಕೆಲಸ ನನ್ನ ಬೆರಳಿಗೆ ಹೇಗೆ ಬಗ್ಗುತ್ತದೆ ಅಂತ ನನಗೆ ನೋಡಬೇಕಿತ್ತು, ಅಷ್ಟೇ. ಕಾಡಿ ಬೇಡಿದ ಮೇಲೆ ಒಂದು ಭಾನುವಾರ ಒಪ್ಪಿದರು: "ಇವತ್ತು ಗೆದ್ರೆ ಮುಂದಕ್ಕೆ ರಿಮೋಟು ನಿಂದೇ. ಸೋತ್ರೆ ಮತ್ತೆ ಆ ಮಾತೆತ್ತಬಾರ್ದು."

ಅವತ್ತು ನೀರು ತಿಳಿಯಾಗಿತ್ತು. ಅಣ್ಣತಮ್ಮಂದಿರ ಬಲೂನು ನಮ್ಮ ಸೂಜಿಗೆ ಒಂದು ಮೊಳ ದೂರ. ಅಷ್ಟರಲ್ಲಿ ಅವರ ದೋಣಿ ಗಿರ್ರನೆ ತಿರುಗಿ ನಮ್ಮ ಬಾಲದ ಹಿಂದೆ ಬಂತು. ತಿರುಗಿಸಬೇಕು, ಈಗಲೇ! ನೋಡುತ್ತೇನೆ, ನಮ್ಮ ಯಜಮಾನರು ಹೊಂಡದ ಕಡೆಗೇ ಇಲ್ಲ, ಬೇಲಿಗೆ ಬಾಯಿ ಹಾಕಿದ ಯಾರದೋ ಮೇಕೆ ನೋಡುತ್ತಿದ್ದಾರೆ. "ಏನ್ರೀ!" ಅಂದೆ. ಇಲ್ಲ. "ಏನ್ರೀ, ನಿಮಗೇ ರೀ!" ಊಹ್ಞೂಂ. ಮೈಯೆಲ್ಲ ಉರಿದುಹೋಯಿತು.

"ಲೇ!"

ಅವರ ಬೆರಳು ಟಪ್ ಅಂತ ಆಡಿತು. ಸಿರಿಂಜು ನೀರು ಉಗುಳಿತು. ನಮ್ಮ ದೋಣಿ ಬುಳಕ್ಕನೆ ಮೇಲೆದ್ದು, ಎಲ್ಲರ ಕಣ್ಣ ಮುಂದೆ ಮೂತಿ ಎತ್ತಿಕೊಂಡು ನಿಂತಿತು.

"ಔಟು!" ಅಂತ ತಮ್ಮ ಕುಣಿದ. ಅಣ್ಣ ಮಾತ್ರ ಕುಣಿಯಲಿಲ್ಲ, ನನ್ನ ಮುಖ ನೋಡಿ ಕೇಳಿದರು: "ಒಂದು ನಿಮಿಷ ತಂಗಚ್ಚಿ. ನೀನು ಕೂಗಿದ್ದು ತೆಲುಗು ಲೇನಾ, ಕನ್ನಡ ಲೇನಾ?"

ತೆಲುಗು ಅಂದರೆ ಅದು ನನ್ನದೇ ಆರ್ಡರು, ಆಟ ಹೋಯಿತು, ರಿಮೋಟೂ ಹೋಯಿತು. ಕನ್ನಡ ಅಂದರೆ ಆಟ ವಾಪಸ್, ಆದರೆ ನಾಲ್ಕು ಜನರ ಮುಂದೆ ಕಟ್ಟಿಕೊಂಡ ಗಂಡನನ್ನು ಲೇ ಅಂದೆ ಅಂತ ಒಪ್ಪಿಕೊಂಡ ಹಾಗೆ. ಅವರು ನನ್ನನ್ನು ದಿನಬೆಳಗಾದರೆ ಲೇ ಅನ್ನುತ್ತಾರೆ, ಅದನ್ನು ಯಾರು ಕೇಳುತ್ತಾರೆ? ನಾನು ಅಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅದಕ್ಕೇ ಪಾಪ ಅವರ ಕಿವಿಗೆ ಅದು ಕನ್ನಡವೇ ಅನ್ನಿಸಿರಲಿಲ್ಲ.

ತೆಲುಗು ಅಂತ ಸುಳ್ಳು ಹೇಳುವುದು ಎಷ್ಟು ಸಲೀಸಾಗಿತ್ತು! ಹೇಳಿದ್ದರೆ ನಗುತ್ತಾ ಮನೆಗೆ ಹೋಗಬಹುದಿತ್ತು. ಆದರೆ ನಾನು ಕಟ್ಟಿದ ದೋಣಿ ನೋಡಿದೆ, ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಕನ್ನಡ," ಅಂದೆ. "ಇವರನ್ನೇ ಕರೆದದ್ದು."

ತಮ್ಮ ಕುಣಿಯುವುದು ನಿಲ್ಲಿಸಿದ. ಅಣ್ಣ ತಲೆ ಬಗ್ಗಿಸಿ ತಮ್ಮ ದೋಣಿಯ ಬಲೂನು ಸರಿಮಾಡತೊಡಗಿದರು. ನಮ್ಮನೆಯವರು ಎದ್ದರು. ಮುಖದಲ್ಲಿ ಏನಿದೆ ಅಂತ ಆ ದೂರದಿಂದ ಗೊತ್ತಾಗುತ್ತಿರಲಿಲ್ಲ. ಹೊಂಡದ ಏರಿ ಸುತ್ತಿಕೊಂಡು, ಪಂಚೆ ಎತ್ತಿಕಟ್ಟಿ, ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿ, ನನ್ನ ಹತ್ತಿರವೂ ಬೇಕಾದಷ್ಟು ಮಾತಿತ್ತು.

ಎದುರಿಗೆ ನಿಂತು ಉಸಿರು ಬಿಟ್ಟರು.

"ಕರ್ದೆಯಲ್ಲ, ಬಂದಿವ್ನಿ. ಅದೇನು ಏಳು."

"ರಿಮೋಟು ಕೊಡಿ," ಅಂದೆ.

ಅವರ ಕೈ ಖಾಲಿಯಿತ್ತು. ರಿಮೋಟನ್ನು ಆ ಬದಿಯಲ್ಲೇ, ತಾವು ಕೂತಿದ್ದ ಜಾಗದಲ್ಲೇ ಬಿಟ್ಟು ಬಂದಿದ್ದರು. ನಾನು ಸೀರೆ ಸಿಕ್ಕಿಸಿಕೊಂಡು ಏರಿ ಸುತ್ತಿ ಹೋಗಿ, ಅಲ್ಲಿ ಕೂತು ರಿಮೋಟು ಕೈಗೆತ್ತಿಕೊಂಡೆ.